ಗೆಣ್ಣಿಲ್ಲದ ಎಲೆ

ನಮ್ಮ ಮನೆಯ ಮನಿ ಪ್ಲಾಂಟಿನ ಒಂದು ತುಂಡು ಕೊಡಿ ಎಂದು ಇವತ್ತಿನವರೆಗೆ ಒಬ್ಬರೂ ನನ್ನನ್ನು ಬಾಯಿಬಿಟ್ಟು ಕೇಳಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಶಿಕಾರಿಪುರದ ನಮ್ಮ ಬೀದಿಯಲ್ಲಿ ಆ ಗಿಡವಿಲ್ಲದ ಮನೆಯನ್ನು ಹುಡುಕಬೇಕು. ಒಬ್ಬರ ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಬಾಟಲಿಯೊಳಗೆ ಕೂತಿದೆ, ಇನ್ನೊಬ್ಬರ ಟೀವಿಯ ನೆತ್ತಿಯಿಂದ ಇಳಿದಿದೆ, ನಾನು ತಲೆ ಕೊಡುವ ಕಟಿಂಗ್ ಶಾಪಿನಲ್ಲಂತೂ ಕನ್ನಡಿಯ ಸುತ್ತ ಹಬ್ಬಿದೆ. ಅವುಗಳಲ್ಲಿ ಅರ್ಧಕ್ಕರ್ಧ ನಮ್ಮ ಕಾಂಪೌಂಡಿನಿಂದ ಹೋದವು. ಕ್ಷೌರಕ್ಕೆ ಕೂತಾಗಲೆಲ್ಲ ನನ್ನದೇ ಎಲೆಗಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತವೆ. ಕತ್ತಿನ ಮೇಲೆ ಕತ್ತಿ ಇರುವಾಗ ಜಗಳ ತೆಗೆಯಬಾರದೆಂದು ಸುಮ್ಮನಿರುತ್ತೇನೆ.

ಮನಿ ಪ್ಲಾಂಟನ್ನು ಕದ್ದೇ ತರಬೇಕಂತೆ. ಕೇಳಿ ತಂದರೆ ಹತ್ತುವುದಿಲ್ಲವಂತೆ, ಹತ್ತಿದರೂ ಮನೆಗೆ ಲಕ್ಷ್ಮಿ ಬರುವುದಿಲ್ಲವಂತೆ. ಕೊಂಡು ತಂದರಂತೂ ಇದ್ದ ಲಕ್ಷ್ಮಿಯೂ ಎದ್ದು ಹೊರಡುತ್ತಾಳಂತೆ. ಗುಡಿಯ ಮುಂದೆ ಬೇರೆಯವರ ಚಪ್ಪಲಿ ತಪ್ಪಿ ಹಾಕಿಕೊಂಡು ಬಂದರೆ ಅರ್ಧ ದಾರಿಯಿಂದ ವಾಪಸ್ ಹೋಗಿ ಇಟ್ಟು ಬರುವ ಜನ ಇವರು. ಸಂತೆಯಲ್ಲಿ ಒಂದು ಟೊಮೆಟೊ ಜಾಸ್ತಿ ಬಂದರೆ ಹಿಂದಿರುಗಿಸುವ ಜನ. ಇಂಥವರು ನಮ್ಮ ಗೇಟಿನ ಹತ್ತಿರ ಬಂದ ಕೂಡಲೇ ಅತ್ತಿತ್ತ ನೋಡುತ್ತಾರೆ, ಕೈ ತಾನಾಗಿ ಮೇಲೇಳುತ್ತದೆ, ಚಟ್ ಎನ್ನುತ್ತದೆ. ಲಕ್ಷ್ಮಿಗೆ ಕದ್ದ ಮಾಲೇ ಇಷ್ಟ ಎನ್ನುವುದು ಲಕ್ಷ್ಮಿಗೆ ಮಾಡುವ ಅವಮಾನವಲ್ಲವೇ ಎಂದು ಕೇಳಿದರೆ ನನ್ನನ್ನೇ ನಾಸ್ತಿಕ ಎನ್ನುತ್ತಾರೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಈ ಗಿಡ ಸಿಕ್ಕಿದ್ದೂ ಶಾಲೆಯಲ್ಲೇ. ಪ್ರಯೋಗಾಲಯದ ಕಿಟಕಿಯಲ್ಲಿ, ಅಂಚು ಒಡೆದ ಬೀಕರಿನಲ್ಲಿ, ಯಾರೂ ನೋಡಿಕೊಳ್ಳದೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ನಾನು ನಿವೃತ್ತನಾದ ದಿನ ಸಹೋದ್ಯೋಗಿಗಳು, "ಒಂದ್ ತುಂಡು ಚಿವುಟಿ ಜೇಬಿಗೆ ಹಾಕ್ಕಳ್ರೀ ಸಾರ್, ಯಾರ್ ಕೇಳ್ತಾರೆ?" ಎಂದರು. ನಾನು ಕೂತು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದೆ. ವಿಷಯ: ಪ್ರಯೋಗಾಲಯದ ಬಳ್ಳಿಯ ಒಂದು ತುಂಡನ್ನು ಪಡೆಯಲು ಅನುಮತಿ ಕೋರಿ. ಅವರು ನಗು ನುಂಗಿಕೊಂಡು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಅದರ ಪ್ರತಿ ನನ್ನ ಕಪಾಟಿನಲ್ಲಿದೆ. ಮನೆಗೆ ತಂದು ತೋರಿಸಿದಾಗ ನನ್ನ ಹೆಂಡತಿ ಸುಮಾ ಅರ್ಜಿಯನ್ನೂ ಗಿಡವನ್ನೂ ಒಂದಾದ ಮೇಲೊಂದು ನೋಡಿ, "ಪಹಣಿ ಒಂದು ಬಾಕಿ ಐತೆ, ಅದನ್ನೂ ಮಾಡ್ಸಿಬಿಡ್ರಿ" ಎಂದಳು.

ಈ ಸ್ವಭಾವದಿಂದ ಊರಿಗೆ ನಗು, ನನಗೆ ನಷ್ಟ. ನಷ್ಟದಲ್ಲಿ ಎಲ್ಲಕ್ಕಿಂತ ದೊಡ್ಡದು ಗಿರಿಜಕ್ಕ. ನನಗಿರುವುದು ಅವಳೊಬ್ಬಳೇ ಅಕ್ಕ. ಸೊರಬಕ್ಕೆ ಕೊಟ್ಟಿದ್ದೇವೆ. ಮೂರು ವರ್ಷದ ಹಿಂದೆ ಯಾವನೋ ವಾಸ್ತುವಿನವನ ಮಾತು ಕೇಳಿ, ಗಟ್ಟಿಮುಟ್ಟಾಗಿದ್ದ ಮುಂಬಾಗಿಲನ್ನು ಮುಚ್ಚಿಸಿ ಪೂರ್ವಕ್ಕೊಂದು ಹೊಸ ಬಾಗಿಲು ಒಡೆಸಿದಳು. ಅದಕ್ಕೊಂದು ಪೂಜೆ, ಊಟ. ಪಂಕ್ತಿಯಲ್ಲಿ ಅವಳ ಬೀಗರು, ನೆಂಟರು, ಓಣಿಯವರು ಎಲ್ಲ ಕೂತಿದ್ದರು. ಪಾಯಸ ಬಡಿಸುತ್ತಾ ನನ್ನ ಎಲೆಯ ಹತ್ತಿರ ಬಂದ ಅಕ್ಕನಿಗೆ ನಾನು, "ಬಾಗ್ಲು ಬದ್ಲು ಮಾಡೋದ್ರ ಬದ್ಲು ಬುದ್ಧಿ ಬದ್ಲು ಮಾಡ್ಕಂಡಿದ್ರೆ ಆಗ್ತಿತ್ತಲ್ಲಕ್ಕ" ಎಂದೆ. ತಮಾಷೆಗೆ ಅಂದದ್ದು. ಪಂಕ್ತಿಗೆ ಪಂಕ್ತಿಯೇ ನಕ್ಕುಬಿಟ್ಟಿತು, ತೊಂದರೆಯಾದದ್ದೇ ಅಲ್ಲಿ. ಅಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಆ ಬಾಯಿ ಸರಿ ಆಗೋ ತನಕ ಈ ಬಾಗ್ಲು ತುಳೀಬ್ಯಾಡ" ಎಂದಳು. ನಾನು ಪಾಯಸ ಬಿಟ್ಟು ಎದ್ದು ಬಂದೆ.

ಅವತ್ತಿನಿಂದ ಅವಳು ಬಂದಿಲ್ಲ, ನಾನು ಹೋಗಿಲ್ಲ. ಸುಮಾಗೆ ಫೋನ್ ಮಾಡುತ್ತಾಳೆ. ನಾನು ಎತ್ತಿದರೆ ಆ ಕಡೆ ಉಸಿರಾಟ ಕೇಳಿಸುತ್ತದೆ, ಆಮೇಲೆ ಅದೂ ಕಟ್. ಯಾರು ಮೊದಲು ಮಾತಾಡುತ್ತಾರೋ ಅವರು ಸೋತ ಹಾಗೆ ಎನ್ನುವ ಹಟ ನಮ್ಮಿಬ್ಬರಿಗೂ ಒಂದೇ ಮನೆಯಿಂದ ಬಂದದ್ದು. ನಮ್ಮಪ್ಪ ಅವರ ತಮ್ಮನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ಮಾತಾಡಿದ್ದು ಚಿಕ್ಕಪ್ಪನ ಹೆಣದ ಹತ್ತಿರ. ಅದು ನೆನಪಾದಾಗಲೆಲ್ಲ ಹೆದರಿಕೆಯಾಗುತ್ತದೆ. ಹೆದರಿಕೆಯಾದಾಗಲೆಲ್ಲ ನನಗೆ ಬರುವುದು ಕೋಪ.

ಆ ಕೋಪವನ್ನು ಹೊರುವವರು ನನ್ನ ಬೀದಿಯವರು. ಎದುರು ಮನೆಯ ಮಂಜಮ್ಮನವರು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಕಾಂಪೌಂಡಿನ ಹತ್ತಿರ ಬರುತ್ತಾರೆ. "ನೋಡು ಪುಟ್ಟಿ, ಗುಬ್ಬಿ" ಎಂದು ಒಂದು ಕೈ ಆಕಾಶಕ್ಕೆ ತೋರಿಸುತ್ತಾರೆ. ಇನ್ನೊಂದು ಕೈ ನನ್ನ ಬಳ್ಳಿಯಲ್ಲಿರುತ್ತದೆ. ಇದನ್ನು ಕಿಟಕಿಯಿಂದ ನಾಲ್ಕು ಸಲ ನೋಡಿ ಐದನೇ ಸಲ ತಡೆಯಲಾರದೆ ಒಂದು ಬೋರ್ಡು ಬರೆಸಿ ತೂಗುಹಾಕಿದೆ: "ಬಳ್ಳಿ ಬೇಕಾದವರು ಬೆಲ್ ಒತ್ತಿ. ಸಂತೋಷದಿಂದ ಕೊಡಲಾಗುವುದು." ಹದಿನೈದು ದಿನ ಯಾರೂ ಬೆಲ್ ಒತ್ತಲಿಲ್ಲ. ವಿಚಿತ್ರವೆಂದರೆ ಯಾರೂ ಕದಿಯಲೂ ಇಲ್ಲ. ಹದಿನಾರನೆಯ ದಿನ ಬೆಲ್ ಆಯಿತು. ನಾನು ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಓಡಿದೆ. ಮಂಜಮ್ಮನವರು ನಿಂತಿದ್ದರು, ಮುಖ ಗಂಟು ಹಾಕಿಕೊಂಡು.

"ಮೇಷ್ಟ್ರೆ, ಆ ಬೋರ್ಡ್ ತೆಗೀರಿ."

"ಯಾಕ್ರೀ?"

"ಹಿಂಗ್ ಎಲ್ರಿಗೂ ಪರ್ಮಿಷನ್ ಕೊಟ್ಟು ಕುಂತ್ರೆ ನಾವು ಕದಿಯಾದು ಹೆಂಗ್ರೀ? ನಮ್ ತಂಗಿ ಹೊಸಾ ಮನೆಗೆ ಒಂದು ಬೇಕಿತ್ತು. ನಿಮ್ದು ಚಲೋ ಬೆಳದೈತೆ ಅಂತ ಹೇಳಿ ಇಟ್ಟಿದ್ದೆ ನಾನು."

"ಕೊಡ್ತೀನಿ ಅಂತಿದೀನಲ್ರೀ!"

"ಅಯ್ಯೋ ಶಿವನೇ, ಕೊಟ್ಟಿದ್ದು ಯಾರಿಗ್ ಬೇಕ್ರೀ?"

ಬಾಗಿಲು ಹಾಕಿಕೊಂಡು ಒಳಗೆ ಬಂದು ಎರಡು ಲೋಟ ನೀರು ಕುಡಿದೆ. ಮಾರನೆಯ ದಿನ ನೋಡಿದರೆ ಬೋರ್ಡೇ ಇರಲಿಲ್ಲ. ಅದನ್ನೂ ಕದ್ದಿದ್ದರು.

ಕದಿಯಲಿ, ಹಾಳಾಗಿ ಹೋಗಲಿ. ಸರಿಯಾಗಿ ಕದಿಯುವುದಕ್ಕೂ ಬರುವುದಿಲ್ಲವಲ್ಲ, ನನ್ನ ರಕ್ತ ಕುದಿಯುವುದು ಅದಕ್ಕೆ. ಈ ಗಿಡವನ್ನು ಬೆಳೆಸುವುದು ಒಂದು ವಿದ್ಯೆಯೇ ಅಲ್ಲ. ಬಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಿ: ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇದೆ, ಅದರ ಪಕ್ಕದಲ್ಲಿ ಕಂದು ಬಣ್ಣದ ಒಂದು ಮೊಟಕು ಬೇರು ಮೂಗು ತೂರಿಸಿಕೊಂಡಿದೆ. ಅದೇ ಗೆಣ್ಣು. ಕಬ್ಬಿಗೆ ಇರುವುದಿಲ್ಲವೇ, ಹಾಗೆಯೇ. ಜೀವ ಇರುವುದು ಅಲ್ಲಿ. ಗೆಣ್ಣಿನಿಂದ ಒಂದು ಬೆರಳು ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಷ್ಟು ನೀರಿಗೆ ಹಾಕಿ, ಬಿಸಿಲು ನೇರ ಬೀಳದ ಬೆಳಕಿನಲ್ಲಿಟ್ಟು, ನೀರು ಮಂಕಾಗುವ ಮೊದಲು ಬದಲಾಯಿಸಿದರೆ ಸಾಕು. ಎರಡು ಮೂರು ವಾರದಲ್ಲಿ ಬೆಳ್ಳಗೆ ಬೇರು ಇಳಿಯುತ್ತದೆ. ಬೆರಳುದ್ದವಾದ ಮೇಲೆ ಮಣ್ಣಿಗೆ ಹಾಕಿ, ಮಣ್ಣು ಒಣಗಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ ನೀರು ಕೊಟ್ಟರೆ ಮುಗಿಯಿತು. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಕಾಯಜ ಸಂತಾನೋತ್ಪತ್ತಿ ಎಂಬ ದೊಡ್ಡ ಹೆಸರಿನಲ್ಲಿ ಹೇಳುತ್ತಿದ್ದೆ. ಮಕ್ಕಳು ಆ ಹೆಸರಿಗೇ ಹೆದರಿ ನಿದ್ದೆ ಹೋಗುತ್ತಿದ್ದರು.

ನಮ್ಮ ಕಳ್ಳರಲ್ಲಿ ಅರ್ಧ ಜನ ಮಾಡುವುದೇನು? ಅವಸರದಲ್ಲಿ ಎಲೆಯನ್ನು ತೊಟ್ಟಿನ ಸಮೇತ ಕಿತ್ತುಕೊಂಡು ಓಡುತ್ತಾರೆ. ಗೆಣ್ಣು ನಮ್ಮ ಕಾಂಪೌಂಡಿನಲ್ಲೇ ಉಳಿಯುತ್ತದೆ. ಆ ಎಲೆ ನೀರಿನಲ್ಲಿ ಬೇಗ ಸಾಯುವುದೂ ಇಲ್ಲ, ಅದೇ ಕರ್ಮ. ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಕೆಲವು ಸಲ ಬುಡದಲ್ಲಿ ಬೇರಿನಂಥದ್ದೇನನ್ನೋ ಮೂಡಿಸಿ ಆಸೆಯನ್ನೂ ಹುಟ್ಟಿಸುತ್ತದೆ. ಚಿಗುರು ಮಾತ್ರ ಹೊಡೆಯುವುದಿಲ್ಲ. ಎಷ್ಟು ವರ್ಷ ಕಾದರೂ ಒಂದೆಲೆ ಎರಡಾಗುವುದಿಲ್ಲ. ದಿನಾ ಬೆಳಗ್ಗೆ ಬಾಟಲಿಯೊಳಗೆ ಇಣುಕಿ ನೋಡುವ ಆ ಮನೆಯವರ ಮುಖ ನೆನೆಸಿಕೊಂಡರೆ ನನಗೆ ಅಯ್ಯೋ ಅನ್ನಿಸುವುದಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಬೆಲ್ ಒತ್ತಿದ್ದರೆ ಹೇಳಿಕೊಡುತ್ತಿದ್ದೆನಲ್ಲ!

ಇನ್ನೊಂದು ಸಂಗತಿ ಇದೆ. ಮನಿ ಪ್ಲಾಂಟ್ ಹೂ ಬಿಟ್ಟದ್ದನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ. ಎಲ್ಲೋ ಶಾಂತಸಾಗರದ ದ್ವೀಪವೊಂದರಿಂದ ಹೊರಟ ಬಳ್ಳಿ ಇದು. ಹೂ ಬಿಡಲು ಬೇಕಾದ ರಸ ಇದರ ಮೈಯಲ್ಲಿ ಸರಿಯಾಗಿ ಹುಟ್ಟುವುದಿಲ್ಲವಂತೆ. ಹೂವಿಲ್ಲ, ಹಾಗಾಗಿ ಬೀಜವಿಲ್ಲ. ಲೋಕದ ತುಂಬ ಇರುವುದೆಲ್ಲ ಒಂದರಿಂದ ಒಂದು ಕತ್ತರಿಸಿ ತಂದ ತುಂಡುಗಳೇ. ಮಂಜಮ್ಮನವರ ಉಪ್ಪಿನಕಾಯಿ ಬಾಟಲಿಯಲ್ಲಿರುವುದೂ, ನಾನು ಅರ್ಜಿ ಬರೆದು ತಂದದ್ದೂ ಹೆಚ್ಚುಕಡಿಮೆ ಒಂದೇ ಗಿಡ. ಒಂದು ಗಿಡವನ್ನು ಅದೇ ಗಿಡದಿಂದ ಕದ್ದು ಲಕ್ಷ್ಮಿಯನ್ನು ಕಾಯುವ ಈ ಊರಿನ ಬಗ್ಗೆ ಏನು ಹೇಳಲಿ?

ಒಂದು ಶನಿವಾರ ಕಟಿಂಗ್ ಮುಗಿಸಿಕೊಂಡು ಮನೆಗೆ ಬಂದಾಗ ಗೇಟಿನ ಹತ್ತಿರದ ಬಳ್ಳಿಯಲ್ಲಿ ಹೊಸ ಗಾಯ ಕಂಡಿತು. ಅತ್ಯಂತ ದೊಡ್ಡ ಎಲೆ, ಹಳದಿ ಗೀರು ಚೆನ್ನಾಗಿ ಬಿದ್ದಿದ್ದ ಎಲೆ, ಹೋಗಿತ್ತು. ತೊಟ್ಟನ್ನು ಮಾತ್ರ ನೀಟಾಗಿ ಉಗುರಿನಿಂದ ಚಿವುಟಿದ್ದರು. ಗೆಣ್ಣು ಇದ್ದಲ್ಲೇ ಇತ್ತು. ನಾನು ಬೀದಿಗೆ ಕೇಳುವ ಹಾಗೆ ಬೈಯತೊಡಗಿದೆ. ಮಂಜಮ್ಮನವರು ಜಗಲಿಗೆ ಬಂದು, "ನಮ್ ಕಡೆ ನೋಡಿ ಬೈಬ್ಯಾಡ್ರಿ ಮೇಷ್ಟ್ರೆ, ಇವತ್ತು ನಾವಲ್ಲ. ನಿಮ್ಮಕ್ಕಾರು" ಎಂದರು.

"ಯಾವ ಅಕ್ಕ?"

"ನಿಮಗ್ ಎಷ್ಟ್ ಜನ ಅದಾರೆ? ಸೊರಬದೋರು. ಹುಚ್ಚರಾಯನ ಗುಡಿಗೆ ಬಂದಿದ್ರೇನೋ, ಕೈಯಾಗೆ ಪ್ರಸಾದ ಇತ್ತು. ಗೇಟ್ ಮುಂದೆ ಭಾಳ ಹೊತ್ತು ನಿಂತಿದ್ರು. ಆಮ್ಯಾಲೆ ಒಂದ್ ಎಲೆ ಚಿವುಟಿ ಸೆರಗಿನಾಗೆ ಇಟ್ಕಂಡು ಹೋದ್ರು. ನಾನು ಮಾತಾಡ್ಸಿದ್ರೆ, 'ಕದೀತಿದೀನಿ, ಮಾತಾಡ್ಸಬ್ಯಾಡ್ರಿ' ಅಂದ್ರು."

ಒಳಗೆ ಬಂದು ಕೂತೆ. ಮೊದಲು ಬಂದದ್ದು ಖುಷಿಯೇ ಎಂದು ಒಪ್ಪಿಕೊಳ್ಳುತ್ತೇನೆ, ಅದೂ ಕೆಟ್ಟ ಖುಷಿ. ಒಯ್ಯಲಿ. ಗೆಣ್ಣಿಲ್ಲದ ಎಲೆ ಒಯ್ದಿದ್ದಾಳೆ, ಕಾಯಲಿ ಚಿಗುರಿಗೆ. ಹತ್ತು ನಿಮಿಷದಲ್ಲಿ ಆ ಖುಷಿ ಆರಿತು. ಆಮೇಲೆ ಊಟ ಸೇರಲಿಲ್ಲ. ಮನೆಯ ಮುಂದೆ ಬಂದು ನಿಂತವಳು, ಒಳಗೆ ಸುಮಾ ಇದ್ದಾಳೆಂದು ಗೊತ್ತಿದ್ದವಳು, ಬೆಲ್ ಒತ್ತಲಿಲ್ಲವಲ್ಲ!

ವಾರ ಕಳೆದ ಮೇಲೆ ಸುಮಾ ಫೋನಿನಲ್ಲಿ ಮಾತಾಡಿ ಬಂದು ಸುದ್ದಿ ಹೇಳಿದಳು. ಎಲೆಯನ್ನು ಗಾಜಿನ ಲೋಟದಲ್ಲಿ ಹಾಕಿ ಹೊಸ ಬಾಗಿಲಿನ ಪಕ್ಕದಲ್ಲೇ ಇಟ್ಟಿದ್ದಾಳಂತೆ. ದಿನಾ ನೀರು ಬದಲಾಯಿಸುತ್ತಾಳಂತೆ. ಇನ್ನೂ ಹಸಿರಾಗಿದೆಯಂತೆ.

"ಅದು ಚಿಗುರಲ್ಲ ಅಂತ ಹೇಳು" ಎಂದೆ.

"ನಿಮ್ಮಕ್ಕ. ನೀವೇ ಹೇಳ್ರಿ."

"ನಾನ್ಯಾಕೆ ಹೇಳ್ಲಿ? ಕದ್ದೋಳು ಅವ್ಳು."

ಎರಡನೇ ವಾರವೂ ಹಸಿರಾಗಿತ್ತು. ಮೂರನೇ ವಾರ ಸುಮಾ, "ಇವತ್ತೋ ನಾಳೆಯೋ ಚಿಗುರ್ತದೆ ಅಂತ ಕಾಯ್ತಿದಾರೆ ಪಾಪ" ಎಂದು ಹೇಳಿ ನನ್ನ ಮುಖ ನೋಡಿದಳು. ಇಬ್ಬರೂ ಸೇರಿ ನನ್ನನ್ನು ಕೊಲ್ಲಬೇಕೆಂದೇ ಇದ್ದಾರೆ ಅನ್ನಿಸಿತು. ಒಬ್ಬಳು ಆಗದ ಕೆಲಸವನ್ನು ಹಟ ಹಿಡಿದು ಮಾಡುತ್ತಿದ್ದಾಳೆ, ಇನ್ನೊಬ್ಬಳು ವಾರವಾರ ಅದರ ವರದಿ ಒಪ್ಪಿಸುತ್ತಿದ್ದಾಳೆ. ಏಕೆ ಆಗುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಮೂವತ್ತು ವರ್ಷ ಪಾಠ ಹೇಳಿದವನಿಗೆ ಎಂಥ ಶಿಕ್ಷೆ ಎಂದು ಬೇರೆಯವರಿಗೆ ಅರ್ಥವಾಗುವುದಿಲ್ಲ. ಎದ್ದೆ, ಕತ್ತರಿ ತೆಗೆದುಕೊಂಡೆ, ಮೂರು ಗೆಣ್ಣಿರುವ ಒಂದು ಒಳ್ಳೆಯ ತುಂಡನ್ನು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಸೊರಬದ ಬಸ್ಸು ಹತ್ತಿದೆ. ರಾಜಿಗೆ ಹೋಗುತ್ತಿಲ್ಲ, ಬೈಯಲು ಹೋಗುತ್ತಿದ್ದೇನೆ ಎಂದು ಸುಮಾಗೆ ಎರಡು ಸಲ ಹೇಳಿದೆ. ಅವಳು ಒಂದು ಡಬ್ಬಿಯಲ್ಲಿ ಕರ್ಜೀಕಾಯಿ ತುಂಬಿ ಕೊಟ್ಟಳು.

ಬಸ್ಸು ಶಿರಾಳಕೊಪ್ಪದ ಕಡೆ ಹೋಗುವಾಗ ತಾಳಗುಂದದ ದಾರಿ ಕಾಣುತ್ತದೆ. ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಅಲ್ಲಿಯ ಕಂಬದ ಮೇಲೆ ಕೆತ್ತಿರುವುದೂ ಒಂದು ಕೋಪದ ಕಥೆಯೇ. ಓದಲೆಂದು ಕಂಚಿಗೆ ಹೋದವನೊಬ್ಬ ಅಲ್ಲಿ ಕುದುರೆಯವನೊಬ್ಬನ ಜೊತೆ ಜಗಳವಾಗಿ, ಅವಮಾನ ತಡೆಯಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯವನ್ನೇ ಕಟ್ಟಿದ. ನಮ್ಮ ನೆಲದವರ ಕೋಪ ಎಷ್ಟು ಹಳೆಯದು ನೋಡಿ ಎಂದು ಮಕ್ಕಳಿಗೆ ಹೇಳಿ ನಾನೂ ನಗುತ್ತಿದ್ದೆ. ಅವತ್ತು ಬಸ್ಸಿನಲ್ಲಿ ನಗು ಬರಲಿಲ್ಲ. ಅವನು ಕೋಪದಲ್ಲಿ ಏನನ್ನಾದರೂ ಕಟ್ಟಿದ. ನಾನು ಕೋಪ ಮಾಡಿಕೊಂಡು ಮೂರು ವರ್ಷದಲ್ಲಿ ಅಕ್ಕನ ಕೈಯ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ತೊಡೆಯ ಮೇಲಿನ ಒದ್ದೆ ಬಟ್ಟೆಯಿಂದ ಪಂಚೆಯೆಲ್ಲ ನೆನೆದು ಪಕ್ಕದವರು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು.

ಹೊಸ ಬಾಗಿಲು ತೆರೆದೇ ಇತ್ತು. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಲೋಟ, ಲೋಟದಲ್ಲಿ ನನ್ನ ಎಲೆ. ಹೊಸಿಲ ಹೊರಗೆ ನಿಂತೆ. ಅಕ್ಕ ಒಳಗೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು ನನ್ನ ಬಾಯಿಂದ ಹೀಗೆ ಬಂತು: "ಗೆಣ್ಣೆಲ್ಲೈತೆ ಇದಕ್ಕೆ?"

ಅಕ್ಕ ತಲೆ ಎತ್ತಿದಳು. "ಎಂತ?"

"ಗೆಣ್ಣು! ಗೆಣ್ಣಿಲ್ದೆ ಎಲೆ ಚಿವುಟ್ಕಂಡು ಬಂದು ಚಿಗುರ್ತದೆ ಅಂತ ಕಾಯ್ತಾ ಕುಂತಿದೀಯಲ್ಲ, ನೂರು ವರ್ಷ ನೀರು ಬದ್ಲಾಯ್ಸು, ಇದು ಚಿಗುರಲ್ಲ. ಕದಿಯೋಕೂ ಒಂದು ತಿಳುವಳಿಕೆ ಬ್ಯಾಡ್ವಾ? ತಗಾ, ಮೂರು ಗೆಣ್ಣಿನ ತುಂಡು ತಂದಿದೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದಳು. ಹೊಸಿಲಿನ ಆ ಕಡೆ ಅವಳು, ಈ ಕಡೆ ನಾನು. ನನ್ನ ಕೈಯಲ್ಲಿದ್ದ ತುಂಡನ್ನು ನೋಡಲೂ ಇಲ್ಲ.

"ಅಪ್ಪನ ಎಲೆತೋಟದಾಗೆ ವೀಳ್ಯದ ಬಳ್ಳಿ ನಾಟಿ ಮಾಡ್ತಿದ್ದೋರು ಯಾರಾ?" ಎಂದಳು. "ನೀನು ಪುಸ್ತಕ ಹಿಡ್ಕಂಡು ಬದುವಿನ ಮೇಲೆ ಕುಂತಿರ್ತಿದ್ದಿ. ಎಷ್ಟು ಗೆಣ್ಣು ಮಣ್ಣೊಳಗಿರ್ಬೇಕು, ಎಷ್ಟು ಮೇಲಿರ್ಬೇಕು ಅಂತ ಎಣಿಸಿ ಎಣಿಸಿ ಸಾವಿರ ಬಳ್ಳಿ ನೆಟ್ಟಿದೀನಿ ಈ ಕೈಯಾಗೆ. ನಂಗೆ ಗೆಣ್ಣು ತೋರ್ಸೋಕೆ ಬಂದ್ಯಾ ಮಾರಾಯ?"

"ಮತ್ತೆ ಗೊತ್ತಿದ್ದೂ ಎಂಥಕ್ಕೆ ಹಿಂಗ್ ಚಿವುಟಿದೆ?"

"ಗೆಣ್ಣು ಸೇರ್ಸಿ ಚಿವುಟಿದ್ರೆ ನೀನು ಬರ್ತಿದ್ಯಾ?"

ತುಂಡನ್ನು ಚಾಚಿದ ಕೈ ಹಾಗೆಯೇ ಇತ್ತು. "ಅವತ್ತು ಪಂಕ್ತಿಯಾಗೆ ನಾನು ಹಂಗನ್ಬಾರದಿತ್ತಕ್ಕ" ಎಂದೆ. ಬೈಗುಳಕ್ಕೆಂದು ತುಂಬಿಕೊಂಡು ಬಂದಿದ್ದ ಉಸಿರೆಲ್ಲ ಆ ಒಂದು ಮಾತಿಗೇ ಖರ್ಚಾಯಿತು.

"ಬಾಯಿ ಸರಿ ಆಗೈತಾ?"

"ಇಲ್ಲ."

"ಅದು ಸರಿ ಆಗ್ಲಿ ಅಂತ ಕಾದ್ರೆ ನಾನು ಸತ್ತೇ ಹೋಗ್ತೀನಿ. ಒಳಗ್ ಬಾ" ಎಂದಳು.

ಒಳಗೆ ಹೋದೆ. ಅವಳು ಕೊಟ್ಟ ನೀರು ಕುಡಿದೆ. ಅವರೆಕಾಯಿ ಸುಲಿದುಕೊಟ್ಟೆ, ಸರಿಯಾಗಿ ಸುಲಿಯುತ್ತಿಲ್ಲವೆಂದು ಬೈಸಿಕೊಂಡೆ. ಆ ಬಾಗಿಲಿನಿಂದ ಒಳ್ಳೆಯ ಗಾಳಿ ಬರುತ್ತದೆ, ಅದನ್ನೂ ಹೇಳಿದೆ. ಹೊರಡುವಾಗ ತುಂಡನ್ನು ಮತ್ತೆ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡಳು. "ಕೊಟ್ಟಿದ್ದು ಬ್ಯಾಡ ನಂಗೆ. ಬರೋ ಶನಿವಾರ ಬರ್ತೀನಿ. ನೀನು ಮನ್ಯಾಗೇ ಇರು, ನಿನ್ನ ಕಣ್ಣೆದುರಿಗೇ ಕದೀತೀನಿ."

"ಬಾ ನೋಡೋಣ, ಕೈ ಮುರೀತೀನಿ" ಎಂದು ಹೇಳಿ ಬಸ್ಸು ಹತ್ತಿದೆ.

ಇವತ್ತು ಆ ಶನಿವಾರ. ಬೆಳಗ್ಗೆ ಎಂಟಕ್ಕೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಮಂಜಮ್ಮನವರು ಮೊಮ್ಮಗಳನ್ನು ಎತ್ತಿಕೊಂಡು ಎರಡು ಸಲ ಬಂದು, ನನ್ನನ್ನು ನೋಡಿ, ಗೊಣಗಿಕೊಂಡು ವಾಪಸ್ ಹೋದರು. ಸೊರಬದ ಒಂಬತ್ತರ ಬಸ್ಸು ಬಂತು. ಹತ್ತೂವರೆಯದೂ ಬಂತು. ಎರಡರಲ್ಲೂ ಅಕ್ಕ ಇರಲಿಲ್ಲ. ಕದಿಯಲು ಬರುತ್ತೇನೆಂದು ಮಾತು ಕೊಟ್ಟ ಮೇಲೆ ಹೊತ್ತಿಗೆ ಸರಿಯಾಗಿ ಬರಬೇಡವೇ? ನನಗೆ ಕೆಟ್ಟ ಕೋಪ ಬರುತ್ತಿದೆ.